ಕಂಬಳದ ಓಟದ ವಿಭಾಗಗಳು

ತುಳುನಾಡಿನ ಜೋಡುಕರೆ ಕಂಬಳದಲ್ಲಿ, ಎಂದರೆ ಪಕ್ಕಪಕ್ಕದ ಎರಡು ಕೆಸರಿನ ಕರೆಗಳಲ್ಲಿ (ಓಟದ ಹಾದಿಗಳಲ್ಲಿ) ನಡೆಯುವ ಕೋಣಗಳ ಓಟದಲ್ಲಿ, ಕೋಣಗಳ ಪ್ರಾಯ ಮತ್ತು ಅವುಗಳ ಹಿಂದೆ ಕಟ್ಟುವ ಸಲಕರಣೆ ನೋಡಿ ಸ್ಪರ್ಧೆಯನ್ನು ವಿಂಗಡಿಸುವ ಕ್ರಮ. ಚಾಲ್ತಿಯಲ್ಲಿರುವ ಮುಖ್ಯ ವಿಭಾಗಗಳು ಆರು: ಕನೆಹಲಗೆ, ಅಡ್ಡಹಲಗೆ, ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ. ಇತ್ತೀಚೆಗೆ ಕೆಲವು ಕಂಬಳಗಳಲ್ಲಿ ಎಳೆಯ ಕೋಣಗಳಿಗೆಂದು ಸಬ್ ಜೂನಿಯರ್ ಓಟವೂ ಸೇರಿದೆ. ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲೂ ಕಾಸರಗೋಡಿನ ಪೈವಳಿಕೆಯಂಥ ಊರುಗಳಲ್ಲೂ ನವೆಂಬರ್‌ನಿಂದ ಮಾರ್ಚ್–ಏಪ್ರಿಲ್ ವರೆಗೆ ನಡೆಯುವ ಕಂಬಳಗಳು ಈ ವಿಂಗಡಣೆಯನ್ನೇ ಅನುಸರಿಸುತ್ತವೆ.

ಇದನ್ನು ಹತ್ತಿರದಿಂದ ನೋಡಬೇಕೆಂದರೆ ಸಿದ್ಧಕಟ್ಟೆಯ ಸುತ್ತಿನ ಪ್ರದೇಶಕ್ಕಿಂತ ಅನುಕೂಲದ ಜಾಗ ಕಡಿಮೆ. ಬಂಟ್ವಾಳ–ಮೂಡುಬಿದಿರೆ ರಸ್ತೆಯ ಮೇಲಿರುವ ಈ ಪೇಟೆ ಬಂಟ್ವಾಳ ತಾಲೂಕಿನದು. ಇಲ್ಲಿಂದ ಪೂರ್ವಕ್ಕೆ ಹೊರಟರೆ ಬೆಳ್ತಂಗಡಿ ತಾಲೂಕು, ಉತ್ತರಕ್ಕೆ ಹೊರಟರೆ ಮೂಡುಬಿದಿರೆ. ಸಿದ್ಧಕಟ್ಟೆಯ ಕೊಡಂಗೆಯಲ್ಲಿ ವೀರ–ವಿಕ್ರಮ ಜೋಡುಕರೆ ಇದೆ. ವೇಣೂರಿನ ಕಡೆ ಸಾಗುವಾಗ ಹೊಕ್ಕಾಡಿಗೋಳಿಯ ಕರೆ ಸಿಗುತ್ತದೆ. ಮುಂದೆ ವೇಣೂರು ಪೆರ್ಮುಡದ ಸೂರ್ಯ–ಚಂದ್ರ. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ–ಚೆನ್ನಯ, ಬಂಟ್ವಾಳ ತಾಲೂಕಿನದೇ ಆದ ಕಕ್ಕೆಪದವಿನಲ್ಲಿ ಸತ್ಯ–ಧರ್ಮ. ಜೋಡುಕರೆಯ ಎರಡು ಕರೆಗಳಿಗೂ ಹೀಗೆ ಒಂದೊಂದು ಹೆಸರು. ಸ್ಪರ್ಧೆಯ ಕರೆಪತ್ರದಲ್ಲೂ ಮರುದಿನದ ಪತ್ರಿಕೆಯಲ್ಲೂ ಆ ಹೆಸರಿನಿಂದಲೇ ಕಂಬಳದ ಗುರುತು.

ಆರು ವಿಭಾಗಗಳು

ಹಗ್ಗದ ಓಟದಲ್ಲಿ ನೊಗಕ್ಕೆ ಕಟ್ಟಿದ ಹಗ್ಗವಷ್ಟೇ ಓಡಿಸುವವನ ಕೈಯಲ್ಲಿರುತ್ತದೆ. ಕೋಣಗಳನ್ನು ತಡೆಯುವ ಭಾರ ಏನೂ ಇಲ್ಲದಿರುವುದರಿಂದ ಇದು ಕಂಬಳದ ಅತಿ ವೇಗದ ಓಟ. ಜನ ಹೆಚ್ಚು ಕಾಯುವುದೂ ಇದಕ್ಕೇ. ನೇಗಿಲಿನ ಓಟದಲ್ಲಿ ಉಳುವ ನೇಗಿಲಿನ ರೂಪದ ಹಗುರ ಮರದ ಸಲಕರಣೆ ಇರುತ್ತದೆ. ಕೋಣ ಸಾಕಲು ಹೊಸದಾಗಿ ಇಳಿದವರು ಮೊದಲು ಹೆಸರು ಕೊಡುವುದು ಸಾಮಾನ್ಯವಾಗಿ ನೇಗಿಲು ಕಿರಿಯಕ್ಕೆ.

ಅಡ್ಡಹಲಗೆಯಲ್ಲಿ ಕೋಣಗಳು ಎಳೆಯುವ ಹಲಗೆಯ ಮೇಲೆ ನಿಂತು ಸಾಗಬೇಕು. ಓಡುವ ಕಾಲಿಗಿಂತ ತೂಕ ಹಿಡಿದು ನಿಲ್ಲುವ ಸೊಂಟ ಇಲ್ಲಿ ಮುಖ್ಯ.

ಕನೆಹಲಗೆಯ ಜಾತಿಯೇ ಬೇರೆ. ಉಳಿದ ಐದರಲ್ಲಿ ಯಾರು ಮೊದಲು ಮಂಜೊಟ್ಟಿ (ಕರೆಯ ಕೊನೆ) ಮುಟ್ಟಿದರು ಎಂಬುದು ಪ್ರಶ್ನೆಯಾದರೆ, ಇದರಲ್ಲಿ ನೀರು ಎಷ್ಟು ಎತ್ತರಕ್ಕೆ ಹಾರಿತು ಎಂಬುದೇ ಪ್ರಶ್ನೆ. ಕೋಣಗಳ ಹಿಂದಿನ ಗಟ್ಟಿ ಮರದ ತುಂಡಿನಲ್ಲಿ ತೂತುಗಳಿರುತ್ತವೆ. ಓಡಿಸುವವನು ಅದರ ಮೇಲೆ ಒಂದು ಕಾಲಿಟ್ಟು ಒತ್ತಿ ನಿಂತಾಗ, ವೇಗಕ್ಕೆ ಸಿಕ್ಕ ಕೆಸರುನೀರು ಆ ತೂತುಗಳಿಂದ ಚಿಮ್ಮಿ ಮೇಲೇಳುತ್ತದೆ. ಕರೆಗೆ ಅಡ್ಡಲಾಗಿ ಮೇಲೆ ಕಟ್ಟಿದ ಬಟ್ಟೆಯೇ ನಿಶಾನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರವನ್ನು ಹೇಳುತ್ತಾರೆ. ನೀರು ಬಟ್ಟೆಗೆ ತಾಗಿ ಒದ್ದೆಯಾಯಿತೋ ಇಲ್ಲವೋ ಎಂಬುದನ್ನು ಕೆಳಗೆ ನಿಂತ ಪ್ರೇಕ್ಷಕನೂ ನೋಡಿ ಹೇಳಬಲ್ಲ. ನಿಶಾನೆ ಮುಟ್ಟಿದ ಜತೆಗಳೆಲ್ಲಕ್ಕೂ ಬಹುಮಾನ ಸಿಗಬಹುದು, ಯಾವುದಕ್ಕೂ ಸಿಗದೆಯೂ ಇರಬಹುದು. ಕಂಬಳದ ಆರು ವಿಭಾಗಗಳಲ್ಲಿ ಎದುರಾಳಿಯಿಲ್ಲದೆಯೂ ಗೆಲ್ಲಬಹುದಾದದ್ದು, ತಕರಾರು ಅತಿ ಕಡಿಮೆ ಇರುವುದು ಇದೊಂದೇ ಎನ್ನಬಹುದು.

ಹಿರಿಯ, ಕಿರಿಯ

ಹಗ್ಗ ಮತ್ತು ನೇಗಿಲಿನಲ್ಲಿ ಮಾತ್ರ ಹಿರಿಯ–ಕಿರಿಯ ಎಂಬ ಎರಡು ಮಟ್ಟಗಳಿವೆ. ಇಲ್ಲಿ ಲೆಕ್ಕಕ್ಕೆ ಬರುವ ಪ್ರಾಯ ಕೋಣದ್ದು, ಓಡಿಸುವವನದ್ದಲ್ಲ. ಜನನ ಪತ್ರವಿಲ್ಲದ ಪ್ರಾಣಿಯ ಪ್ರಾಯವನ್ನು ಹೇಳುವುದು ಹಲ್ಲು. ಎಮ್ಮೆ ಜಾತಿಗೆ ಮುಂಭಾಗದ ಹಲ್ಲು ಇರುವುದು ಕೆಳದವಡೆಯಲ್ಲಿ ಮಾತ್ರ, ಒಟ್ಟು ಎಂಟು. ಹಾಲುಹಲ್ಲು ಬಿದ್ದು ಮೊದಲ ಜೋಡಿ ಶಾಶ್ವತ ಹಲ್ಲು ಬರುವುದು ಸುಮಾರು ಮೂರು ವರ್ಷಕ್ಕೆ. ಆಮೇಲೆ ಒಂದೊಂದು ಜೋಡಿಯಾಗಿ ಬಂದು ಐದಾರು ವರ್ಷದ ಹೊತ್ತಿಗೆ ಎಂಟೂ ತುಂಬುತ್ತವೆ. ಆದ್ದರಿಂದ ಕೋಣದ ಕೆಳತುಟಿ ಸರಿಸಿ ಹಲ್ಲು ಎಣಿಸುವುದು ಕಂಬಳದವರಿಗೆ ಮೈಗೂಡಿದ ವಿದ್ಯೆ. ಕೊಳ್ಳುವಾಗಲೂ ಅದೇ, ವಿಭಾಗ ನಿರ್ಧರಿಸುವಾಗಲೂ ಅದೇ. ಹಲ್ಲು ಒಬ್ಬೊಬ್ಬರ ಕಣ್ಣಿಗೆ ಒಂದೊಂದು ರೀತಿ ಕಂಡಾಗ ಜಗಳ ಹುಟ್ಟುವುದೂ ಇಲ್ಲಿಯೇ.

ಕಿರಿಯದಲ್ಲಿ ಗೆದ್ದ ಕೋಣ ಗೆದ್ದಿತೆಂಬ ಕಾರಣಕ್ಕೆ ಮೇಲಿನ ವಿಭಾಗಕ್ಕೆ ಏರುವುದಿಲ್ಲ. ಪ್ರಾಯ ಬಂದಾಗ ಏರುತ್ತದೆ. ಹಿರಿಯದಲ್ಲಿ ಸತತ ಸೋತದ್ದು ಕೆಳಗೆ ಇಳಿಯುವಂತೆಯೂ ಇಲ್ಲ. ಯಜಮಾನನ ಮುಂದಿರುವ ದಾರಿ ಎರಡೇ: ಆ ಕೋಣವನ್ನು ಹಗ್ಗದಿಂದ ನೇಗಿಲಿಗೆ ಅಥವಾ ಹಲಗೆಗೆ ಬದಲಿಸುವುದು, ಇಲ್ಲವೇ ಅದಕ್ಕೆ ಬೇರೆ ಜತೆ ಹುಡುಕುವುದು. ಜತೆ ಕೂಡಿಸುವುದೇ ಕಂಬಳದ ನಿಜವಾದ ಕಸುಬು. ವೇಗದ ಕೋಣದ ಪಕ್ಕಕ್ಕೆ ಅದಕ್ಕಿಂತ ವೇಗದ್ದನ್ನು ಕಟ್ಟಿದರೆ ಕರೆ ತಪ್ಪಿ ಓಡುವುದುಂಟು. ಒಂದೇ ಮನೆಯಿಂದ ಒಂದೇ ವಿಭಾಗಕ್ಕೆ ಎರಡು ಜತೆ ಬಂದಾಗ ಫಲಿತಾಂಶದ ಪಟ್ಟಿಯಲ್ಲಿ ಯಜಮಾನರ ಹೆಸರಿನ ಮುಂದೆ ‘ಎ’, ‘ಬಿ’ ಎಂದು ಸೇರಿಸುತ್ತಾರೆ.

ಬಹುಮಾನದಲ್ಲೂ ಈ ಮೇಲು–ಕೆಳಗು ಕಾಣುತ್ತದೆ. ಸಾಮಾನ್ಯವಾಗಿ ಹಿರಿಯ ವಿಭಾಗದ ಮೊದಲ ಸ್ಥಾನಕ್ಕೆ ಎರಡು ಪವನ್ ಚಿನ್ನ, ಎರಡನೆಯದಕ್ಕೆ ಒಂದು ಪವನ್. ಕಿರಿಯಕ್ಕೆ ಅದರ ಅರ್ಧ. ಕೋಣಗಳ ಒಂದು ವರ್ಷದ ಖರ್ಚಿಗೆ ಈ ಚಿನ್ನ ಸಾಲದು. ಕಂಬಳಕ್ಕೆ ಹೊರಡುವವರು ಅದಕ್ಕಾಗಿ ಹೊರಡುವುದೂ ಇಲ್ಲ. ‘ಮೆಡಲ್’ ಎಂಬ ಮಾತಿಗೆ ಇಲ್ಲಿರುವ ಬೆಲೆ ತೂಕದ್ದಲ್ಲ.

ವಿಂಗಡಣೆ ಬೆಳೆದ ಬಗೆ

ಹಳೆಯ ಕಂಬಳಗಳಿಗೆ ವಿಭಾಗಗಳ ಅಗತ್ಯ ಅಷ್ಟಾಗಿ ಇರಲಿಲ್ಲ. ದೇವರ ಕಂಬಳ, ಅರಸು ಕಂಬಳ, ಪೂಕರೆ ಕಂಬಳಗಳು ಗುತ್ತು–ಬೀಡಿನ (ಊರಿನ ಹಿರಿಯ ಮನೆತನಗಳ) ದೊಡ್ಡ ಗದ್ದೆಯಲ್ಲಿ, ದೈವದ ಕಟ್ಟಳೆಯ ಪ್ರಕಾರ ನಡೆಯುತ್ತಿದ್ದವು. ಕೋಣ ಇಳಿಸುವುದು ಹರಕೆ ಮತ್ತು ಅಂತಸ್ತಿನ ವಿಷಯವಾಗಿತ್ತು. ಆ ವ್ಯವಸ್ಥೆಗೆ ಕೊಳಕು ಮುಖವೂ ಇತ್ತು. ಕೋಣಗಳಿಗೆ ಮೊದಲು ಕೊರಗ ಸಮುದಾಯದವರನ್ನು ಕರೆಗೆ ಇಳಿಸಿ ಓಡಿಸುವ ಪದ್ಧತಿ ಅನೇಕ ಕಡೆ ಇತ್ತು. ಕೊರಗರನ್ನು ಹೀಗೆ ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ನಿಷೇಧಿಸಿದ 2000ದ ಕಾಯ್ದೆ ಇಂಥವನ್ನು ಅಪರಾಧವೆಂದು ಸಾರಿತು. ಹಳೆಯದೆಲ್ಲ ಚೆನ್ನಾಗಿತ್ತು ಎಂದು ಕಂಬಳದ ಬಗ್ಗೆ ಬರೆಯುವವರು ಇದನ್ನು ಮರೆಯಬಾರದು.

1970ರ ಸುಮಾರಿಗೆ ಕಾರ್ಕಳದ ಬಜಗೋಳಿಯಲ್ಲಿ ನಡೆದ ಲವ–ಕುಶ ಜೋಡುಕರೆಯನ್ನು ಆಧುನಿಕ ಕಂಬಳದ ಮೊದಲ ಹೆಜ್ಜೆಗಳಲ್ಲಿ ಎಣಿಸುತ್ತಾರೆ. ಪಕ್ಕಪಕ್ಕದ ಎರಡು ಕರೆಗಳಲ್ಲಿ ಎರಡು ಜತೆ ಒಟ್ಟಿಗೆ ಓಡತೊಡಗಿದ ಮೇಲೆ ಸರಿಸಮರನ್ನು ಎದುರುಬದುರು ನಿಲ್ಲಿಸುವ ಪ್ರಶ್ನೆ ಎದ್ದಿತು. ಈಗಿನ ವಿಭಾಗಗಳು ಗಟ್ಟಿಯಾದದ್ದು ಆ ಒತ್ತಡದಲ್ಲಿ. ಮುಂದೆ ಜಿಲ್ಲಾ ಕಂಬಳ ಸಮಿತಿ ಬಂದು ಋತುವಿನ ವೇಳಾಪಟ್ಟಿಯನ್ನೂ ನಿಯಮಗಳನ್ನೂ ಒಂದೆಡೆಗೆ ತಂದಿತು. ಮೂಡುಬಿದಿರೆಯ ಕೆ. ಗುಣಪಾಲ ಕಡಂಬರ ಮುಂದಾಳತ್ವದಲ್ಲಿ ರೂಪುಗೊಂಡ ಕಂಬಳ ಅಕಾಡೆಮಿ ಓಡಿಸುವವರಿಗೆ ತರಬೇತಿ ಕೊಡತೊಡಗಿತು. ಮಂಜೊಟ್ಟಿಯಲ್ಲಿ ನಿಂತ ತೀರ್ಪುಗಾರರ ಕಣ್ಣಂದಾಜಿನ ಜಾಗಕ್ಕೆ ಲೇಸರ್ ಬೀಮ್ ಬಂತು.

ಕಾನೂನಿನ ಪೆಟ್ಟೂ ಬಿತ್ತು. ಜಲ್ಲಿಕಟ್ಟು ಪ್ರಕರಣದಲ್ಲಿ 2014ರ ಮೇ 7ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನೆರಳು ಕಂಬಳದ ಮೇಲೂ ಚಾಚಿತು. 2016ರ ಕೊನೆಯಲ್ಲಿ ಹೈಕೋರ್ಟಿನ ತಡೆಯಾಜ್ಞೆಯಿಂದ ಕಂಬಳ ನಿಂತಿತು. ಕಂಬಳಕ್ಕೆ ಮತ್ತೆ ಅವಕಾಶ ಕೊಡುವ ರಾಜ್ಯದ ತಿದ್ದುಪಡಿ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆಯಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರ್ 25–26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ರಾಜ–ಮಹಾರಾಜ ಕಂಬಳ ನಡೆಯಿತು. ರಾಜಧಾನಿಯಲ್ಲೂ ಕೋಣಗಳು ಓಡಿದ್ದು ಈ ವಿಂಗಡಣೆಯ ಪ್ರಕಾರವೇ.

ಹೊತ್ತಿನ ಲೆಕ್ಕ

ವಿಭಾಗಗಳ ಮರುವಿಂಗಡಣೆ ಎಂಬ ಚರ್ಚೆ ಕಂಬಳದಲ್ಲಿ ಏಳುವುದು ನ್ಯಾಯದ ಹೆಸರಿನಲ್ಲಾದರೂ, ಅದರ ಬೇರು ಇರುವುದು ಗಡಿಯಾರದಲ್ಲಿ. ದೊಡ್ಡ ಕಂಬಳವೊಂದಕ್ಕೆ 150ರಿಂದ 200 ಜತೆ ಬರುತ್ತವೆ. ಹಂಚಿಕೆ ಮಾತ್ರ ಸಮವಲ್ಲ. ಹಲಗೆಯ ಎರಡು ವಿಭಾಗಗಳಿಗೆ ಹತ್ತತ್ತು ಜತೆಯೂ ಸೇರುವುದು ಕಷ್ಟ. ನೇಗಿಲು ಕಿರಿಯವೊಂದಕ್ಕೇ ಅರವತ್ತು, ಎಂಬತ್ತು ಜತೆ ಬಂದು ನಿಲ್ಲುತ್ತವೆ. ಓಟದ ಐದು ವಿಭಾಗಗಳಲ್ಲಿ ಒಟ್ಟು 170 ಜತೆ ಇವೆ, ಸೋತವರು ಹೊರಗೆ ಎಂದಿಟ್ಟುಕೊಂಡರೂ 165 ಓಟಗಳು ಬೇಕು. ಒಂದೊಂದಕ್ಕೆ 5 ನಿಮಿಷ ಹಿಡಿದರೆ ಸುಮಾರು ಹದಿನಾಲ್ಕು ಗಂಟೆ, 8 ನಿಮಿಷ ಹಿಡಿದರೆ 22 ಗಂಟೆ.

ಓಟಕ್ಕೆ ಬೇಕಾದದ್ದು ಹನ್ನೆರಡು, ಹದಿನಾಲ್ಕು ಸೆಕೆಂಡ್. ಉಳಿದ ಹೊತ್ತು ಹೋಗುವುದು ಗಂತಿನಲ್ಲಿ, ಎಂದರೆ ಓಟ ಶುರುವಾಗುವ ಜಾಗದಲ್ಲಿ. ಎರಡೂ ಜತೆ ಒಟ್ಟಿಗೆ ಮುಖ ಮಾಡಿ ನಿಲ್ಲಬೇಕು. ಒಂದು ಕೋಣ ಹಿಂದಕ್ಕೆ ತಿರುಗಿದರೆ ಇನ್ನೊಂದು ಕಡೆಯವರು ಕಾಯಬೇಕು. ತಮ್ಮ ಕೋಣ ಕಾದು ಕಾದು ಸೊರಗುತ್ತದೆಂದು ಬೇಕೆಂದೇ ತಡಮಾಡಿಸುವವರ ಮೇಲೆ ಕೂಗಾಟ ನಡೆಯುತ್ತದೆ. ಶನಿವಾರ ಬೆಳಿಗ್ಗೆ ಶುರುವಾದ ಕಂಬಳದ ಫೈನಲ್ ಭಾನುವಾರ ಬಿಸಿಲೇರಿದ ಮೇಲೆ ನಡೆದ ಉದಾಹರಣೆಗಳು ಬೇಕಾದಷ್ಟಿವೆ. 24 ಗಂಟೆಯೊಳಗೆ ಮುಗಿಸಬೇಕೆಂಬ ನಿಯಮವನ್ನು ಕಂಬಳ ಸಮಿತಿ ತಂದದ್ದು ಇದಕ್ಕಾಗಿ. ಸಬ್ ಜೂನಿಯರ್ ಓಟದ ಉದ್ದೇಶ ಎಳೆಯ ಕೋಣಗಳನ್ನು ತುಂಬಿ ತುಳುಕುವ ನೇಗಿಲು ಕಿರಿಯದಿಂದ ಬೇರ್ಪಡಿಸುವುದು. ಅದು ಒಳ್ಳೆಯದೇ, ಆದರೆ ಹೊಸ ವಿಭಾಗ ಅದೇ ದಿನ ಅದೇ ಕರೆಯಲ್ಲಿ ನಡೆದರೆ ಹೊತ್ತು ಉಳಿಯುವುದಿಲ್ಲ. ಅದಕ್ಕೆ ಬೇರೆ ದಿನ ಬೇಕು.

ಬ್ರಿಟನ್ನಿನ ಸ್ಪೀಡ್‌ವೇ

ಮರುವಿಂಗಡಣೆಯ ಈ ಪ್ರಶ್ನೆ ಕಂಬಳಕ್ಕೆ ಮಾತ್ರ ಸೇರಿದ್ದಲ್ಲ. ವಿಭಾಗಗಳನ್ನು ಪದೇ ಪದೇ ಕಲಸಿ ಕಟ್ಟಿದ ಕ್ರೀಡೆಗೆ ಬ್ರಿಟನ್ನಿನ ಸ್ಪೀಡ್‌ವೇ ಒಳ್ಳೆಯ ನಿದರ್ಶನ. ಬ್ರೇಕ್ ಇಲ್ಲದ 500 ಸಿಸಿ ಬೈಕುಗಳನ್ನು ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ನಾಲ್ವರು ನಾಲ್ಕು ಸುತ್ತು ಓಡಿಸುವ ಈ ಆಟದಲ್ಲಿ 1965ರಲ್ಲಿ ನ್ಯಾಷನಲ್ ಲೀಗ್ ಮತ್ತು ಪ್ರಾವಿನ್ಷಿಯಲ್ ಲೀಗುಗಳು ಕೂಡಿ 18 ತಂಡಗಳ ಬ್ರಿಟಿಷ್ ಲೀಗ್ ಆಯಿತು. 1968ರಲ್ಲಿ ಎರಡನೇ ಡಿವಿಜನ್ ಹುಟ್ಟಿತು. 1995ರಲ್ಲಿ ಎರಡನ್ನೂ ಒಂದು ಮಾಡಿದರು, 1997ರಲ್ಲಿ ಎಲೀಟ್ ಲೀಗ್ ಹೆಸರಿನಲ್ಲಿ ಮತ್ತೆ ಬೇರೆ ಮಾಡಿದರು, 2017ರಲ್ಲಿ ಪ್ರೀಮಿಯರ್‌ಶಿಪ್, ಚಾಂಪಿಯನ್‌ಶಿಪ್ ಎಂದು ಹೆಸರು ಬದಲಿಸಿದರು. ಅಲ್ಲಿ ತಂಡ ಯಾವ ಮಟ್ಟದಲ್ಲಿ ಆಡುತ್ತದೆ ಎಂಬುದನ್ನು ಹೆಚ್ಚಾಗಿ ತೀರ್ಮಾನಿಸಿದ್ದು ಅದರ ಹಣದ ಶಕ್ತಿ. ಸವಾರರ ಕೊರತೆಯಿಂದ ಒಬ್ಬನೇ ಎರಡೂ ಮಟ್ಟದ ತಂಡಗಳಿಗೆ ಓಡಲು ಅವಕಾಶ ಕೊಟ್ಟದ್ದೂ ಇದೆ. ಕಂಬಳದಲ್ಲಿ ಇದು ಹೊಸ ಸಂಗತಿಯೇ ಅಲ್ಲ. ಹೆಸರುವಾಸಿ ಓಟಗಾರ ಹಗ್ಗದಲ್ಲಿ ಒಬ್ಬ ಯಜಮಾನರ ಕೋಣ ಓಡಿಸಿ, ಮೈಯ ಕೆಸರು ಆರುವ ಮೊದಲೇ ನೇಗಿಲಿನಲ್ಲಿ ಇನ್ನೊಬ್ಬರ ಕೋಣದ ಹಿಂದೆ ನಿಂತಿರುತ್ತಾನೆ.

ಕರೆಯ ಉದ್ದ

ವಿಭಾಗಗಳು ಒಂದೇ ಆದರೂ ಕರೆಗಳು ಒಂದೇ ಅಳತೆಯವಲ್ಲ. 2020ರ ಫೆಬ್ರವರಿ 1ರಂದು ಐಕಳದ ಕಂಬಳದಲ್ಲಿ ಕೋಣ ಓಡಿಸಿದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಿದಾಗ ಉಸೇನ್ ಬೋಲ್ಟ್ ಜತೆಗಿನ ಹೋಲಿಕೆ ದೇಶವೆಲ್ಲ ಹಬ್ಬಿತು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿಯವರ ಓಟ ಅದೇ 100 ಮೀಟರಿನ ಲೆಕ್ಕದಲ್ಲಿ 9.51 ಎಂದು ವರದಿಯಾಯಿತು. 2021ರಲ್ಲಿ ಕಕ್ಕೆಪದವಿನ 125 ಮೀಟರ್ ಕರೆಯಲ್ಲಿ ಗೌಡರು 11.21 ಸೆಕೆಂಡಿನಲ್ಲಿ ಓಡಿ ಆ ಲೆಕ್ಕದಲ್ಲಿ 8.96ಕ್ಕೆ ತಲುಪಿದರು. ಕೋಣಗಳು ಎಳೆದೊಯ್ಯುವ ಓಟವನ್ನು ಒಂಟಿ ಮನುಷ್ಯನ ಓಟದ ಪಕ್ಕ ಇಡುವುದೇ ಸರಿಯಲ್ಲ. 143 ಮೀಟರಿನ ಕರೆಯನ್ನು 125ರ ಕರೆಯ ಪಕ್ಕ ಇಡುವುದೂ ಅಷ್ಟೇ ತಪ್ಪು, ಏಕೆಂದರೆ ಕೋಣಗಳು ಸುಸ್ತಾಗುವುದು ಓಟದ ಕೊನೆಯ ಭಾಗದಲ್ಲಿ. ಆರು ವಿಭಾಗಗಳನ್ನು ಏಳು ಮಾಡುವುದಕ್ಕಿಂತ ಮೊದಲು ಆಗಬೇಕಾದ ಕೆಲಸ ಕರೆಗಳ ಉದ್ದವನ್ನು ಒಂದೇ ಅಳತೆಗೆ ತರುವುದು. ಅಲ್ಲಿಯವರೆಗೆ ಕಂಬಳದ ದಾಖಲೆಗಳನ್ನು ಆಯಾ ಕರೆಯ ದಾಖಲೆಯೆಂದೇ ಓದಿಕೊಳ್ಳಬೇಕು.