ಕೆಳದಿಯ ವರಾಹದಲ್ಲಿ ಚಿತ್ರವೂ ಲಿಪಿಯೂ

ಬರಹದೊಡನೆ ಚಿತ್ರವನ್ನು ಕೂಡಿಸಿದಲ್ಲಿ ನೋಡುವವನ ಮನಸ್ಸು ಬೇಗ ನೆಲಸುವುದೆಂಬುದು ವರ್ತಕರೆಲ್ಲರೂ ಬಲ್ಲ ಸಂಗತಿ. ಇಂದಿನ ವರ್ತಕರು ಮಿಂಚಂಚೆಯಲ್ಲಿ ಕಳುಹುವ ಪ್ರಕಟನೆಗಳಿಗೆ ಚಿತ್ರಗಳನ್ನು ಹೊಂದಿಸುವುದೂ ಈ ಕಾರಣದಿಂದಲೇ. ಆದರೆ ಮನಸ್ಸನ್ನು ಹಿಡಿದುದರಲ್ಲಿ ಚಿತ್ರದ ಪಾಲೆಷ್ಟು, ಅಕ್ಷರದ ಪಾಲೆಷ್ಟು ಎಂದು ವಿಂಗಡಿಸುವುದು ಸುಲಭವಲ್ಲ. ಕೆಳದಿಯ ಅರಸರ ಚಿನ್ನದ ನಾಣ್ಯದ ಚರಿತ್ರೆಯಲ್ಲಿ ಇವೆರಡೂ ತಾವಾಗಿಯೇ ಬೇರ್ಪಟ್ಟು ನಿಂತಿರುವುದರಿಂದ ಅದು ವಿಚಾರಾರ್ಹವಾಗಿದೆ.

ಈ ವರಾಹದ ಒಂದು ಮುಖದಲ್ಲಿ ಆಸೀನರಾದ ಶಿವಪಾರ್ವತಿಯರ ಮೂರ್ತಿಯೂ, ಇನ್ನೊಂದರಲ್ಲಿ ನಾಗರಾಕ್ಷರಗಳಲ್ಲಿ ‘ಶ್ರೀ ಸದಾಶಿವ’ ಎಂಬ ಬರಹವೂ ಇವೆ. ತೂಕ ಸುಮಾರು 3.4 ಗ್ರಾಂ. ಮೂರ್ತಿಯು ಕೆಳದಿಯವರ ಕಲ್ಪನೆಯಲ್ಲ. ವಿಜಯನಗರದ ಎರಡನೆಯ ಹರಿಹರನ ನಾಣ್ಯಗಳಲ್ಲಿಯೇ ಉಮಾಮಹೇಶ್ವರರು ಕಾಣಿಸಿಕೊಂಡಿದ್ದರು. ವಿಜಯನಗರದಲ್ಲಿ ಅರಸರೊಡನೆ ಚಿತ್ರವೂ ಮಾರ್ಪಡುತ್ತಿದ್ದಿತು: ಬುಕ್ಕನಿಗೆ ಹನುಮಂತ, ಅಚ್ಯುತರಾಯನಿಗೆ ಗಂಡಭೇರುಂಡ, ತಿರುಮಲನಿಗೆ ಸೀತಾರಾಮಲಕ್ಷ್ಮಣರು. ಕೆಳದಿಯ ರಾಮೇಶ್ವರ ದೇವಾಲಯದ ಒಳಮಾಳಿಗೆಯಲ್ಲಿಯೂ ಸೊಗಸಾದ ಗಂಡಭೇರುಂಡವುಂಟು. ಆದರೂ ಇವರ ವರಾಹದಲ್ಲಿ ಶಿವಪಾರ್ವತಿಯರೇ ಉಳಿದರು.

ಬರಹವೂ ಹಾಗೆಯೇ ನಿಂತಿತು. 16ನೆಯ ಶತಮಾನದ ಸದಾಶಿವನಾಯಕನಿಂದ ಅದು ಬಂದಿತೆಂದು ವಿದ್ವಾಂಸರು ಹೇಳುವರು. ಮುಂದಿನವರು ತಮ್ಮ ಹೆಸರುಗಳನ್ನು ತರದೆ ಅದನ್ನೇ ಉಳಿಸಿಕೊಂಡರು. ಅರಸನ ಹೆಸರೂ ದೇವರ ಹೆಸರೂ ಒಂದೇ ಆದುದು ಇದಕ್ಕೆ ಅನುಕೂಲವಾಗಿದ್ದಿರಬೇಕು. ತಲೆಮಾರುಗಳವರೆಗೆ ಬದಲಾಗದ ಬರಹವನ್ನು ಯಾರೂ ಓದುವುದಿಲ್ಲ, ಗುರುತಿಸುವರಷ್ಟೆ. ಅಲ್ಲಿಗೆ ಅದೂ ಒಂದು ಚಿತ್ರವೇ ಆಯಿತು. ಹೆಸರಿನ ಗತಿಯೂ ಅಂತಹುದೇ. ಹಂದಿಯ ಲಾಂಛನವಿಲ್ಲದ ನಾಣ್ಯಕ್ಕೆ ‘ವರಾಹ’ವೆಂಬ ಹೆಸರು! ರಾಜಧಾನಿಯೊಡನೆ ಟಂಕಸಾಲೆಯು ಬಿದನೂರಿಗೆ ಹೋದ ಮೇಲೆಯೂ ಜನರು ಅದನ್ನು ಇಕ್ಕೇರಿಯ ವರಾಹವೆಂದೇ ಕರೆದರು.

1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರವೆಂದು ಹೆಸರಿಟ್ಟನು. ಊರಿನ ಹೆಸರನ್ನು ಮಾರ್ಪಡಿಸಿದವನು ನಾಣ್ಯದ ಚಿತ್ರವನ್ನು ಮಾತ್ರ ಮಾರ್ಪಡಿಸಲಿಲ್ಲ. ಶಿವಪಾರ್ವತಿಯರನ್ನು ಹಾಗೆಯೇ ಇರಗೊಟ್ಟು, ‘ಶ್ರೀ ಸದಾಶಿವ’ ಎಂದಿದ್ದ ಮುಖದಲ್ಲಿ ತನ್ನ ಹೆಸರಿನ ಮೊದಲಕ್ಷರವಾದ ‘ಹೇ’ ಎಂಬುದನ್ನು ಪಾರಸಿ ಲಿಪಿಯಲ್ಲಿ ಇರಿಸಿದನು. ಇದನ್ನು ಅವನ ಮತಸಹಿಷ್ಣುತೆಗೆ ನಿದರ್ಶನವಾಗಿ ಕೆಲವರು ಹೇಳುವರು. ಅದು ಅಲ್ಲವೆನ್ನಬೇಕಾಗಿಲ್ಲ, ಆದರೆ ಅಷ್ಟರಿಂದಲೇ ವಿಷಯವು ಮುಗಿಯದು. ಘಟ್ಟದ ಮೇಲಣ ಮೆಣಸೂ ಅಡಕೆಯೂ ಕರಾವಳಿಗೆ ಇಳಿಯುತ್ತಿದ್ದ ನಾಡು ಅದು. ಅಲ್ಲಿ ಕೊಡುವವನೂ ಕೊಳ್ಳುವವನೂ ಬಹುಕಾಲದಿಂದ ಬಲ್ಲ ಗುರುತು ಆ ಮೂರ್ತಿ. ಗುರುತು ಸಿಕ್ಕದ ನಾಣ್ಯವನ್ನು ಚಿನಿವಾರನು ಒರೆಗಲ್ಲಿಗೆ ತಿಕ್ಕಿ, ವಟ್ಟವನ್ನು ಮುರಿದುಕೊಂಡೇ ತೆಗೆದುಕೊಳ್ಳುವನು. ಹೊಸದಾಗಿ ನಾಡನ್ನು ಪಡೆದವನಿಗೆ ಇದು ಸಣ್ಣ ನಷ್ಟವಲ್ಲ. ಪೇಟೆಯವನಿಗೆ ಹಳೆಯ ಚಿತ್ರ, ಅಧಿಕಾರಿಗೆ ಹೊಸ ಅಕ್ಷರ ಎಂದು ಹೈದರನು ನಾಣ್ಯದ ಎರಡು ಮುಖಗಳನ್ನೂ ಇಬ್ಬರಿಗೆ ಹಂಚಿದನೆಂದು ಊಹಿಸುವುದು ಯುಕ್ತವಾಗಿದೆ.

ಚಿನ್ನದ ಬೆಲೆಯು ತೂಕದಲ್ಲಿಯೂ ಬಣ್ಣದಲ್ಲಿಯೂ ಇರುವುದೇ ಹೊರತು ಚಿತ್ರದಲ್ಲಿಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಸರಿಯಾದುದೇ. ಆದರೆ ಪ್ರತಿಯೊಂದು ವರಾಹವನ್ನೂ ಕೈ ಬದಲಾದಾಗಲೆಲ್ಲ ಒರೆಗೆ ಹಚ್ಚುವುದು ಪೇಟೆಯಲ್ಲಿ ಸಾಗದ ಮಾತು. ಹಿಂದೆ ತೂಕ ತಪ್ಪದೆ ಬಂದ ನಾಣ್ಯಗಳ ನಂಬುಗೆಯನ್ನು ಈಗ ಕೈಗೆ ಬಂದ ನಾಣ್ಯಕ್ಕೆ ದಾಟಿಸುವುದೇ ಚಿತ್ರದ ಕೆಲಸ. ಚಿನ್ನವು ಕುಂದಿದರೆ ಅದೇ ಚಿತ್ರವು ಎಚ್ಚರಿಕೆಯ ಗುರುತಾಗುವುದು.

ಟಿಪ್ಪುಸುಲ್ತಾನನು (1782–1799) ವರಾಹದಿಂದ ಮೂರ್ತಿಯನ್ನು ತೆಗೆದು ಎರಡು ಮುಖಗಳಿಗೂ ಪಾರಸಿ ಬರಹವನ್ನೇ ಕೊಟ್ಟನು. ಆ ನಾಣ್ಯವೂ ನಡೆಯಿತು. ಆದುದರಿಂದ ಚಿತ್ರವಿಲ್ಲದೆ ನಾಣ್ಯವೇ ನಡೆಯದೆಂದು ಸಾಧಿಸಲು ಬಾರದು. ಆದರೆ ಎರಡು ಸಂಗತಿಗಳನ್ನು ಗಮನಿಸಬೇಕು. ತಂದೆಯ ‘ಹೇ’ ಅಕ್ಷರವನ್ನು ಅವನು ತನ್ನ ವರಾಹದಲ್ಲಿ ಉಳಿಸಿಕೊಂಡನು. ಇಷ್ಟರಲ್ಲಿ ಆ ಅಕ್ಷರವೇ ಪೇಟೆಯ ಗುರುತಾಗಿದ್ದಿತೆಂದು ತೋರುತ್ತದೆ. ಎರಡನೆಯದಾಗಿ, ಅವನ ಚಿನ್ನ ಬೆಳ್ಳಿಗಳಲ್ಲಿ ಅಕ್ಷರಗಳು ಮಾತ್ರವಿದ್ದರೆ, ತಾಮ್ರದ ಕಾಸುಗಳಲ್ಲಿ ಆನೆಯ ಚಿತ್ರವಿದೆ. ತಾಮ್ರವು ಸಂತೆಯಲ್ಲಿ ಉಪ್ಪು ಕೊಳ್ಳುವವರ ಕೈಯ ನಾಣ್ಯ. ಪಾರಸಿಯನ್ನು ಓದಲರಿಯದವರಿಗೂ ಆನೆ ತಿಳಿಯುವುದು.

1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮೈಸೂರಿನ ಸಿಂಹಾಸನವು ದೊರೆತ ಬಳಿಕ ಹೊರಟ ಚಿನ್ನದ ವರಾಹದಲ್ಲಿ ಶಿವಪಾರ್ವತಿಯರು ಮರಳಿ ಬಂದರು. ಹಿಂಬದಿಯಲ್ಲಿ ‘ಶ್ರೀ ಸದಾಶಿವ’ ಎಂಬುದಕ್ಕೆ ಬದಲಾಗಿ, ಅದೇ ನಾಗರಲಿಪಿಯಲ್ಲಿ, ‘ಶ್ರೀ ಕೃಷ್ಣರಾಜ’ ಎಂದು ಬರೆಯಲಾಯಿತು.