ಅಸುರನಿಂದ ಒಡೆಯನವರೆಗೆ: ಕನ್ನಡ ಬೆಳ್ಳಿತೆರೆಯ ಖಳರು

ಕನ್ನಡ ಚಲನಚಿತ್ರಗಳಲ್ಲಿ ನಾಯಕನಿಗೆ ಎದುರಾಗಿ ನಿಲ್ಲುವ ದುಷ್ಟಪಾತ್ರವನ್ನು ಖಳನಾಯಕ, ಪ್ರತಿನಾಯಕ ಎಂದು ಕರೆಯುವುದು ರೂಢಿ. ಪ್ರೇಕ್ಷಕರ ಬಾಯಲ್ಲಿ ಅದು ಬರಿಯ ‘ವಿಲನ್’. ಯಾವ ಕಾಲದ ಚಿತ್ರಗಳು ಯಾರನ್ನು ಖಳನನ್ನಾಗಿಸಿದವು ಎಂಬುದನ್ನು ಗಮನಿಸಿದರೆ, ಆಯಾ ಕಾಲದ ಜನ ಯಾರಿಗೆ ಅಂಜುತ್ತಿದ್ದರೆಂಬುದೂ ತಿಳಿಯುತ್ತದೆ.

ಪೌರಾಣಿಕ ಚಿತ್ರಗಳಲ್ಲಿ ಕೆಡುಕು ಅಸುರರ ರೂಪದಲ್ಲಿ ಬಂದಿತು. ವೃತ್ತಿರಂಗಭೂಮಿಯ ಪ್ರಭಾವದಲ್ಲಿ ಬೆಳೆದ ಈ ಪಾತ್ರಗಳು ಕೇವಲ ದುಷ್ಟರದಲ್ಲ. ರಾವಣ ಪರಮ ಶಿವಭಕ್ತ. ಹಿರಣ್ಯಕಶಿಪು ಮಗನನ್ನು ಪ್ರೀತಿಸಿಯೂ ದ್ವೇಷಿಸುವ ತಂದೆ. ಅವರನ್ನು ಕೆಡವಿದ್ದು ಅಹಂಕಾರ. ಹೀಗಾಗಿ ನಾಯಕನಟರೂ ಇಂತಹ ಪಾತ್ರಗಳಿಗೆ ಹಿಂಜರಿಯಲಿಲ್ಲ. ಡಾ. ರಾಜ್‌ಕುಮಾರ್ ‘ಭೂಕೈಲಾಸ’ದಲ್ಲಿ (1958) ರಾವಣನಾಗಿ, ‘ಮಹಿಷಾಸುರ ಮರ್ದಿನಿ’ಯಲ್ಲಿ (1959) ಮಹಿಷಾಸುರನಾಗಿ, ‘ಭಕ್ತ ಪ್ರಹ್ಲಾದ’ದಲ್ಲಿ (1983) ಹಿರಣ್ಯಕಶಿಪುವಾಗಿ ಮೆರೆದರು.

ಸಾಮಾಜಿಕ ಚಿತ್ರಗಳು ಹೆಚ್ಚಿದಂತೆ ಅಸುರನ ಸ್ಥಾನಕ್ಕೆ ಊರಿನ ಸಾಹುಕಾರ ಬಂದ. ಈ ಬದಲಾವಣೆಯ ಮುಖವಾಗಿ ನಿಂತವರು ವಜ್ರಮುನಿ. ‘ಪ್ರಚಂಡ ರಾವಣ’ ನಾಟಕದ ರಾವಣನಾಗಿ ಹೆಸರು ಗಳಿಸಿದ್ದ ಅವರು, ಪುಟ್ಟಣ್ಣ ಕಣಗಾಲ್ ನಿರ್ದೇಶನದ ‘ಮಲ್ಲಮ್ಮನ ಪವಾಡ’ದ (1969) ಮೂಲಕ ತೆರೆಗೆ ಬಂದರು. ಧುತ್ತರಗಿಯವರ ನಾಟಕವನ್ನು ಆಧರಿಸಿದ ‘ಸಂಪತ್ತಿಗೆ ಸವಾಲ್’ (1974) ಚಿತ್ರದಲ್ಲಿ ಅವರದು ಸಾಹುಕಾರ ಸಿದ್ದಪ್ಪನ ಪಾತ್ರ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದೂ ಅದೇ ವರ್ಷ. ಸಿರಿವಂತನ ದರ್ಪ ಆಗ ಪ್ರೇಕ್ಷಕರಿಗೆ ಕಟ್ಟುಕಥೆಯಾಗಿರಲಿಲ್ಲ.

ಆದರೆ ಈ ಮಾದರಿ ಕ್ರಮೇಣ ಸವಕಲಾಯಿತು. ಕೆಂಗಣ್ಣು, ಗಿರಿಜಾಮೀಸೆ, ಅಟ್ಟಹಾಸಗಳು ಖಳನ ಸಿದ್ಧ ಲಕ್ಷಣಗಳಾದವು. ಹೆಣ್ಣಿನ ಮೇಲಿನ ದೌರ್ಜನ್ಯದ ದೃಶ್ಯ ಅವನನ್ನು ಗುರುತಿಸುವ ಸುಲಭ ದಾರಿಯಾಗಿ ಬಳಕೆಯಾದದ್ದು ಅಂದಿನ ಚಿತ್ರಗಳ ದೊಡ್ಡ ಕೊರತೆ.

ನಗರದ ಪುಂಡನೂ ಇದೇ ಅವಧಿಯಲ್ಲಿ ತೆರೆಯೇರಿದ. ‘ನಾಗರಹಾವು’ (1972) ಚಿತ್ರದ ಜಲೀಲನಾಗಿ ಪರಿಚಿತರಾದ ಅಂಬರೀಶ್ ಮುಂದೆ ಜನಪ್ರಿಯ ನಾಯಕನಟರಾದರು. ಉಪೇಂದ್ರ ನಿರ್ದೇಶನದ ‘ಓಂ’ (1995) ಚಿತ್ರದಲ್ಲಿ ಪುರೋಹಿತರ ಮಗನೇ ರೌಡಿಯಾಗುತ್ತಾನೆ. ಭೂಗತ ಲೋಕದ ಕೆಲವರು ಅದರಲ್ಲಿ ಅಭಿನಯಿಸಿದ್ದೂ ಉಂಟು. ನಾಯಕ ಮತ್ತು ಖಳನ ನಡುವಿನ ಗೆರೆ ಅಲ್ಲಿಂದ ಮಸುಕಾಗುತ್ತಾ ಬಂದಿತು. ‘ಕೆಜಿಎಫ್’ ಚಿತ್ರಗಳಲ್ಲಿ (2018, 2022) ಗರುಡ, ಅಧೀರರನ್ನು ಎದುರಿಸುವ ನಾಯಕನೂ ಕಾನೂನಿನ ಕಣ್ಣಿನಲ್ಲಿ ಅಪರಾಧಿಯೇ.

‘ಕಾಂತಾರ’ (2022) ಚಿತ್ರದಲ್ಲಿ ಜಮೀನಿನ ಒಡೆಯ ಮತ್ತೆ ಬಂದಿದ್ದಾನೆ. ಆದರೆ ಅಚ್ಯುತ್ ಕುಮಾರ್ ಅಭಿನಯಿಸಿದ ಈ ಒಡೆಯ ಗರ್ಜಿಸುವವನಲ್ಲ, ಊರವರ ಹಿತೈಷಿಯಂತೆ ನಯವಾಗಿ ಮಾತನಾಡುವವನು. ಜನರು ಶತ್ರುವೆಂದು ಬಗೆಯುವ ಅರಣ್ಯಾಧಿಕಾರಿಯಾದರೋ ಕೊನೆಗೆ ಅವರ ಪರವಾಗಿ ನಿಲ್ಲುತ್ತಾನೆ.

ವಜ್ರಮುನಿ 2006ರ ಜನವರಿ 5ರಂದು ನಿಧನರಾದರು. ಅವರು ತೆರೆಗೆ ಬಂದೊಡನೆ ಕೆಡುಕನ್ನು ಗುರುತಿಸುತ್ತಿದ್ದ ಪ್ರೇಕ್ಷಕ, ಈಗ ಚಿತ್ರ ಮುಗಿಯುವವರೆಗೂ ಕಾಯಬೇಕಾಗಿದೆ. ಖಳನನ್ನು ಗುರುತಿಸುವ ಹೊಣೆ ಮೀಸೆ, ಅಟ್ಟಹಾಸಗಳಿಂದ ಪ್ರೇಕ್ಷಕನ ವಿವೇಚನೆಗೆ ವರ್ಗವಾಗಿದೆ.