ಎರಡು ನಿಷ್ಠೆಗಳ ನಡುವೆ: ಒಂದು ಕಾದಂಬರಿ, ಅದರ ಹಿಂದಿನ ಸ್ಪೇನ್



ಸಾಮ್ರಾಜ್ಯಗಳ ಇತಿಹಾಸವನ್ನು ನಾವು ಸಾಮಾನ್ಯವಾಗಿ ಗೆದ್ದವರ, ಸೋತವರ ಕಥೆಯಾಗಿ ಓದುತ್ತೇವೆ. ಇಬ್ಬರಿಗೂ ಬೇಕಾಗಿ, ಇಬ್ಬರ ಸಂಶಯಕ್ಕೂ ಗುರಿಯಾಗಿ ನಡುವೆ ಬಾಳಿದವರು ನಮ್ಮ ಗಮನಕ್ಕೆ ಬರುವುದು ಅಪರೂಪ. ಕೆನಡಾದ ಲೇಖಕ ಗೈ ಗೇವ್ರಿಯಲ್ ಕೇ ಅವರ 'ದಿ ಲಯನ್ಸ್ ಆಫ್ ಅಲ್-ರಸ್ಸಾನ್' (1995) ಎಂಬ ಅದ್ಭುತರಮ್ಯ ಕಾದಂಬರಿ ಇಂಥವರನ್ನೇ ಕುರಿತದ್ದು. ಸೂರ್ಯನನ್ನು, ನಕ್ಷತ್ರಗಳನ್ನು, ಇಬ್ಬರು ಚಂದ್ರರನ್ನು ಆರಾಧಿಸುವ ಮೂರು ಮತಗಳ ಜನ ಅಲ್ಲಿ ಒಂದೇ ನೆಲದಲ್ಲಿ ವಾಸಿಸುತ್ತಾರೆ. ತಂತಮ್ಮ ರಾಜರಿಂದ ಗಡೀಪಾರಾದ ಒಬ್ಬ ದಳಪತಿ, ಒಬ್ಬ ಕವಿ-ರಾಯಭಾರಿ, ಊರು ತೊರೆದ ಒಬ್ಬ ವೈದ್ಯೆ ಪರರಾಜ್ಯದ ಆಸ್ಥಾನದಲ್ಲಿ ಸ್ನೇಹಿತರಾಗುತ್ತಾರೆ. ಯುದ್ಧ ಬಂದಾಗ ಪಕ್ಷ ಹಿಡಿಯದೆ ವಿಧಿಯಿಲ್ಲ.

ಹೆಸರುಗಳು ಕಲ್ಪಿತ, ಹಿಂದಿರುವುದು 11ನೆಯ ಶತಮಾನದ ಸ್ಪೇನ್. 1031ರಲ್ಲಿ ಕೊರ್ಡೋಬಾದ ಖಲೀಫರ ಆಳ್ವಿಕೆ ಮುಗಿದಾಗ ಮುಸ್ಲಿಂ ಸ್ಪೇನ್ ಅನೇಕ ಸಣ್ಣ ರಾಜ್ಯಗಳಾಗಿ ಹಂಚಿಹೋಯಿತು. ಉತ್ತರದ ಕ್ರೈಸ್ತ ರಾಜರು ಅವುಗಳಿಂದ ಹೊನ್ನಿನ ಕಪ್ಪವನ್ನು ವಸೂಲು ಮಾಡತೊಡಗಿದರು. ಕಪ್ಪವೆಷ್ಟು, ಅದಕ್ಕೆ ಪ್ರತಿಯಾಗಿ ರಕ್ಷಣೆಯೆಷ್ಟು ಎಂಬ ಚೌಕಾಸಿಯೇ ಅಂದಿನ ರಾಜತಂತ್ರ. ಅಲ್ಲಿ ಮತವೊಂದೇ ಗಡಿರೇಖೆಯಾಗಿರಲಿಲ್ಲ. 1072ರಲ್ಲಿ ಅಣ್ಣನಿಂದ ಪದಚ್ಯುತನಾದ ಆರನೆಯ ಅಲ್ಫಾನ್ಸೋ ಆಶ್ರಯ ಪಡೆದದ್ದು ಟೊಲೆಡೊದ ಮುಸ್ಲಿಂ ಅರಸನಲ್ಲಿ. ಕಾದಂಬರಿಯ ದಳಪತಿಗೆ ಮಾದರಿಯಾದ ರೊಡ್ರಿಗೊ ಡಿಯಾಸ್, 1081ರಲ್ಲಿ ಅದೇ ಅಲ್ಫಾನ್ಸೋನಿಂದ ಗಡೀಪಾರಾಗಿ ಸರಗೋಸಾದ ಮುಸ್ಲಿಂ ಅರಸರ ಸೇವೆಗೆ ನಿಂತ. ಮರುವರ್ಷ ಅಲ್ಮೆನಾರ್‌ನಲ್ಲಿ ಅವನು ಸೋಲಿಸಿದ್ದು ತನ್ನ ಒಡೆಯನ ಸೋದರನೂ ಬಾರ್ಸಿಲೋನಾದ ಕ್ರೈಸ್ತ ಕೌಂಟನೂ ಕೂಡಿದ ಒಕ್ಕೂಟವನ್ನು. ಅವನಿಗೆ ಸಂದ 'ಸಿದ್' ಎಂಬ ಬಿರುದು ಕೂಡ 'ಒಡೆಯ' ಎಂಬರ್ಥದ ಅರಬ್ಬೀ ಪದದಿಂದ ಬಂದದ್ದು.

ಇದನ್ನು ಸೌಹಾರ್ದದ ಸುವರ್ಣಯುಗವೆಂದು ಬಣ್ಣಿಸಲಾಗದು. 1066ರಲ್ಲಿ ಗ್ರಾನಡಾದ ಯಹೂದಿ ಮಂತ್ರಿ ಜೋಸೆಫನನ್ನೂ ಅಲ್ಲಿನ ಅನೇಕ ಯಹೂದಿಗಳನ್ನೂ ಉದ್ರಿಕ್ತ ಗುಂಪು ಕೊಂದಿತು. ಕಪ್ಪದ ಹೊರೆಯೆಲ್ಲ ಕಡೆಗೆ ಬಿದ್ದದ್ದು ಪ್ರಜೆಗಳ ಮೇಲೆ. ಆದರೂ ಒಬ್ಬ ಮನುಷ್ಯ ಎರಡು ಆಸ್ಥಾನಗಳಲ್ಲಿ ಬಾಳಲು ಎಡೆಯಿತ್ತು.

ಆ ಎಡೆ ಬೇಗನೆ ಕಿರಿದಾಯಿತು. 1085ರಲ್ಲಿ ಅಲ್ಫಾನ್ಸೋ ತನಗೆ ಅನ್ನವಿಟ್ಟ ಟೊಲೆಡೊವನ್ನೇ ವಶಪಡಿಸಿಕೊಂಡ. ಸೆವಿಲ್‌ನ ಕವಿ-ಅರಸ ಅಲ್-ಮುತಮಿದ್ ಮೊದಲಾದವರು ಗಾಬರಿಗೊಂಡು ಉತ್ತರ ಆಫ್ರಿಕಾದ ಅಲ್ಮೊರಾವಿದರನ್ನು ಕರೆಸಿದರು. 1086ರಲ್ಲಿ ಬಂದವರು ಅಲ್ಫಾನ್ಸೋನನ್ನು ಸೋಲಿಸಿದರು. ಕೆಲವೇ ವರ್ಷಗಳಲ್ಲಿ ಕರೆದವರನ್ನೂ ಪದಚ್ಯುತಗೊಳಿಸಿದರು. ಅಲ್-ಮುತಮಿದ್ 1095ರಲ್ಲಿ ಮೊರಾಕೊದ ಅಘ್ಮಾತ್‌ನಲ್ಲಿ ಬಂದಿಯಾಗಿಯೇ ತೀರಿಕೊಂಡ. ಗ್ರಾನಡಾದ ಅರಸ ಅಬ್ದುಲ್ಲಾ ದೇಶಭ್ರಷ್ಟನಾಗಿ ಅದೇ ಊರಿನಲ್ಲಿ ಆತ್ಮಕಥೆ ಬರೆದ; ಕಪ್ಪದ ಚೌಕಾಸಿಯನ್ನು ಒಳಗಿನಿಂದ ಕಂಡವನ ಬರಹವದು. ರೊಡ್ರಿಗೊ 1094ರಲ್ಲಿ ವಲೆನ್ಸಿಯಾವನ್ನು ಗೆದ್ದು, ಅಲ್ಲಿನ ಕಾಜಿಯನ್ನು ಜೀವಂತ ಸುಡಿಸಿದ. ಮುಂದಿನ ತಲೆಮಾರುಗಳು ಅವನನ್ನು ಏಕನಿಷ್ಠ ಕ್ರೈಸ್ತವೀರನೆಂದು ಕೊಂಡಾಡಿದವು. ಸರಗೋಸಾದ ವರ್ಷಗಳು ಹಿನ್ನೆಲೆಗೆ ಸರಿದವು.

ಅನ್ನವಿಟ್ಟ ಒಡೆಯನಿಗೆ ಸಲ್ಲಬೇಕಾದ ನಿಷ್ಠೆಯನ್ನು ನಮ್ಮ ಹಿರಿಯರು 'ಜೋಳದ ಪಾಳಿ' ಎಂದರು. ಅನ್ನವಿಟ್ಟವರು ಇಬ್ಬರಾದರೆ? ಎರಡು ನಿಷ್ಠೆಗಳಿರುವುದೇ ದ್ರೋಹವಲ್ಲ. ಒಂದನ್ನೇ ಆರಿಸಿಕೊಳ್ಳೆಂದು ಅಧಿಕಾರ ಒತ್ತಾಯಿಸಿದ ಗಳಿಗೆಯಲ್ಲಿ ಅದಕ್ಕೆ ಆ ಹೆಸರು ಬರುತ್ತದೆ. ಹುಟ್ಟಿದ ನಾಡಿನ ಋಣವನ್ನೂ ಬದುಕು ಕೊಟ್ಟ ನಾಡಿನ ಋಣವನ್ನೂ ಹೊತ್ತಿರುವ ನಾವು, ನಮ್ಮ ಮಕ್ಕಳಿಗೆ ರೊಡ್ರಿಗೊನ ಕಥೆಯನ್ನು ಹೇಳುವಾಗ ಸರಗೋಸಾದ ವರ್ಷಗಳನ್ನು ಬಿಡದೆ ಹೇಳಬೇಕು.